ಲಿಫ್ಟ್ ಹತ್ತದ ಕಾಕಾ

ಮೊದಲು ಕಾಣಿಸುತ್ತಿದ್ದದ್ದು ಬೋಳುತಲೆ. ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅದು ಬೆವರಿನಿಂದ ಥಳಥಳಿಸುತ್ತಾ ನಿಧಾನವಾಗಿ ಮೇಲೇಳುತ್ತಿತ್ತು. ಅದರ ಹಿಂದೆ ದಾರ ಕಟ್ಟಿದ ಕನ್ನಡಕ, ಆಮೇಲೆ ಕಂಕುಳಲ್ಲಿ ಒತ್ತಿ ಹಿಡಿದ ರೆಕ್ಸಿನ್ ಚೀಲ, ಕೊನೆಗೆ ಮೆಟ್ಟಿಲಿಗೊಂದು 'ಹರಹರಾ' ಎನ್ನುತ್ತಾ ಪೂರ್ತಿ ಮನುಷ್ಯ. ಪಕ್ಕದಲ್ಲೇ ಜಾಲರಿ ಬಾಗಿಲಿನ ನಮ್ಮ ಲಿಫ್ಟು ಖಾಲಿ ನಿಂತಿರುತ್ತಿತ್ತು. ಅದರ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮದುವೆ ಮನೆಯಲ್ಲಿ ಎದುರಾದ ದಾಯಾದಿಯನ್ನು ಕಂಡೂ ಕಾಣದವರ ಹಾಗೆ ದಾಟಿ ಬರುತ್ತಿದ್ದರು.

ಅವರು ಮುಂಬಯಿಯ ಸಯನ್ನಿನ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ. ಧಾರವಾಡದ ಕಡೆಯವರು, ಪರೇಲಿನ ಮಿಲ್ಲೊಂದರಲ್ಲಿ ಟೈಮ್‌ಕೀಪರ್ ಆಗಿದ್ದು, ಮಿಲ್ಲು ಮುಚ್ಚಿದ ಮೇಲೆ ಆ ಕೆಲಸದ ಶಿಸ್ತನ್ನೆಲ್ಲ ತಂದು ನಮ್ಮ ಹೌಸಿಂಗ್ ಸೊಸೈಟಿಯ ತಲೆಗೆ ಕಟ್ಟಿದವರು. ಮನೆ ಗ್ರೌಂಡ್ ಫ್ಲೋರಿನಲ್ಲಿ. ನಾನು ಮತ್ತು ಅಮ್ಮ ನಾಲ್ಕನೆಯದರಲ್ಲಿ, ಅಂದರೆ ಟೆರೇಸಿನ ಕೆಳಗೇ. ಮರಾಠಿಯವರು, ಗುಜರಾತಿಯವರು, ಮೈಸೂರು ಕಡೆಯ ನಾವು, ಎಲ್ಲರಿಗೂ ಅವರು ಕಾಕಾ. ಮಕ್ಕಳಿಗೆ ಮಾತ್ರ ಲಿಫ್ಟ್ ಕಾಕಾ. ಜನ್ಮದಲ್ಲಿ ಲಿಫ್ಟು ಹತ್ತದವರಿಗೆ ಈ ಹೆಸರು ಹೇಗೆ ಬಂತು ಅನ್ನುವುದಕ್ಕೆ ಒಂದು ಪುರಾಣವೇ ಇದೆ.

ನಮ್ಮ ಸೊಸೈಟಿಯ ನಿಯಮದಂತೆ ಲಿಫ್ಟಿನ ಖರ್ಚನ್ನು ಎಲ್ಲ ಮನೆಗಳೂ ಸಮನಾಗಿ ಕೊಡಬೇಕು, ನೆಲಮಹಡಿಯವರೂ ಸೇರಿದಂತೆ. ಕಾಕಾಗೆ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ನಾ ಗ್ರೌಂಡ್ ಫ್ಲೋರಿನಾಂವ. ನಾ ಹತ್ತೂದಿಲ್ಲ, ಇಳಿಯೂದಿಲ್ಲ. ನೀವು ಮ್ಯಾಲೆ ಹೋಗಾಕ ನಾ ಯಾಕ ರೊಕ್ಕಾ ಕೊಡ್ಲಿ?" ಎಂದು ಸೊಸೈಟಿಗಳ ರಜಿಸ್ಟ್ರಾರ್ ಕಚೇರಿಯ ತನಕ ಹೋದರು. ಚಪ್ಪಲಿ ಸವೆಯಿತು, ಕೇಸು ಸೋತಿತು. ಅಲ್ಲಿಂದ ಬಂದವರೇ ಲಿಫ್ಟಿನ ಎದುರು ನಿಂತು ಶಪಥ ಮಾಡಿದರಂತೆ: "ಕೊಡಬೇಕಂದ್ರ ಕೊಡ್ತೇನಿ. ಆದ್ರ ಹತ್ತೂದಿಲ್ಲ."

ಅದಕ್ಕಿಂತಲೂ ತಮಾಷೆಯ ಸಂಗತಿಯೆಂದರೆ, ಈ ಅನ್ಯಾಯವನ್ನು ಒಳಗಿನಿಂದಲೇ ಸರಿಪಡಿಸುತ್ತೇನೆಂದು ಅವರು ಸೆಕ್ರೆಟರಿ ಚುನಾವಣೆಗೆ ನಿಂತದ್ದು. ಬೇರೆ ಯಾರಿಗೂ ಆ ತಲೆನೋವು ಬೇಡವಾಗಿದ್ದರಿಂದ ಅವಿರೋಧವಾಗಿ ಗೆದ್ದರು. ಗೆದ್ದ ಮೇಲೆ ಲಿಫ್ಟಿನ ಬಿಲ್ಲಿಗೆ ತಿಂಗಳು ತಿಂಗಳು ಸಹಿ ಹಾಕುವ ಕೆಲಸ ಅವರದ್ದೇ ಆಯಿತು! ಹಲ್ಲು ಕಚ್ಚಿಕೊಂಡು ಹಾಕುತ್ತಿದ್ದರು. ಆದರೆ ಒಂದು ಸಲವೂ ತಡಮಾಡಿದವರಲ್ಲ.

ವರ್ಷಕ್ಕೊಮ್ಮೆ ಲಿಫ್ಟನ್ನು ಪರೀಕ್ಷಿಸಲು ಇನ್ಸ್‌ಪೆಕ್ಟರ್ ಬರುತ್ತಿದ್ದ. ಸೆಕ್ರೆಟರಿ ಜೊತೆಗಿರಬೇಕೆಂಬುದು ಪದ್ಧತಿ. ಇನ್ಸ್‌ಪೆಕ್ಟರ್ ಲಿಫ್ಟಿನೊಳಗೆ, ಕಾಕಾ ಮೆಟ್ಟಿಲ ಮೇಲೆ. ಪ್ರತಿ ಮಹಡಿಯಲ್ಲೂ ಆತ ಜಾಲರಿ ತೆರೆದು ಕಾಯಬೇಕು, ಕಾಕಾ ಏದುಸಿರು ಬಿಡುತ್ತಾ ಬಂದು, "ಇಲ್ಲೀ ತನಕಾ ಬರೋಬರಿ ಅದ ಏನ್ರೀ?" ಎಂದು ಕೇಳಬೇಕು, ಆತ ಹೂಂ ಅನ್ನಬೇಕು. ಟೆರೇಸು ತಲುಪುವಷ್ಟರಲ್ಲಿ ಪಾಪ, ಆತನೇ ಗಾಬರಿಯಾಗಿ ನಮ್ಮ ಮನೆಯಿಂದ ನೀರು ತರಿಸಿ ಕಾಕಾಗೆ ಕುಡಿಸುತ್ತಿದ್ದ. "ಇವರು ಲಿಫ್ಟಿನ ಜೋಡಿ ಮಾತು ಬಿಟ್ಟಾರ," ಎಂದು ಅವರ ಹೆಂಡತಿ ಕಾಕು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಗಂಡನ ಶಪಥ ತನ್ನದೂ ಹೌದೆಂದು ಆಕೆಯೂ ಲಿಫ್ಟು ಹತ್ತಿದವರಲ್ಲ. ಮಂಡಿನೋವಿನ ಮನುಷ್ಯೆ. ಹೀಗಾಗಿ ನಾಲ್ಕನೇ ಮಹಡಿಯಲ್ಲಿದ್ದ ನಮ್ಮ ಮನೆಯನ್ನು ಅವರು ನೋಡಿಯೇ ಇರಲಿಲ್ಲ. ಅಮ್ಮನೇ ಇಳಿದು ಹೋಗಿ ಅವರೊಂದಿಗೆ ಹರಟೆ ಹೊಡೆದು ಬರುತ್ತಿದ್ದಳು.

ಲಿಫ್ಟಿನ ಮೇಲೆ ಎಷ್ಟು ಸಿಟ್ಟೋ ಸರಕಾರದ ಮೇಲೆ ಅಷ್ಟು ಭಕ್ತಿ ಕಾಕಾಗೆ. ಬೇರೆಯವರು ನಿವೃತ್ತಿಯ ನಂತರ ದೇವಸ್ಥಾನ ಸುತ್ತಿದರೆ ಇವರು ಸರಕಾರಿ ಕಚೇರಿ ಸುತ್ತುತ್ತಿದ್ದರು. ಯಾರಿಗೆ ಏನೇ ಕಷ್ಟ ಬಂದರೂ ಅವರ ಮೊದಲ ಮಾತು, "ಸರಕಾರ ಅದ ಅಲ್ಲರೀ!" ಎಪ್ಪತ್ತು ದಾಟಿದವರ ಆಸ್ಪತ್ರೆಯ ಖರ್ಚನ್ನು ಸರಕಾರ ಕೊಡುವ ಕಾರ್ಡು ಬಂದಾಗ ಅವರ ಸಂಭ್ರಮ ನೋಡಬೇಕಿತ್ತು. ಬಿಲ್ಡಿಂಗಿನ ಎಲ್ಲ ಹಿರಿಯರನ್ನೂ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂರಿಸಿ, ಕಾರ್ಡು ಮಾಡುವವನನ್ನು ಅಲ್ಲಿಗೇ ಕರೆಸಿದ್ದರು. ಮಿಷನ್ನು ಅಮ್ಮನ ಬೆರಳಿನ ಗುರುತನ್ನು ಹಿಡಿಯಲೇ ಇಲ್ಲ. ಐವತ್ತು ವರ್ಷ ಪಾತ್ರೆ ತಿಕ್ಕಿ ಬೆರಳೆಲ್ಲ ನುಣ್ಣಗಾಗಿದ್ದವು. "ಇವರು ಹುಟ್ಟ್ಯಾರ, ಕಣ್ಣಮುಂದ ಕುಂತಾರ, ಇನ್ನೇನು ಸಾಕ್ಷಿ ಬೇಕೋ?" ಎಂದು ಕಾಕಾ ಮಿಷನ್ನಿಗೇ ಬೈದರು. ಕೊನೆಗೆ ಕಿರುಬೆರಳು ಹೇಗೋ ನಡೆಯಿತು. ಕಾರ್ಡನ್ನು ಅಮ್ಮನ ಕೈಗಿಡುವಾಗ ಪ್ರಶಸ್ತಿ ಕೊಡುವವರ ಹಾಗೆ ಎರಡೂ ಕೈ ಚಾಚಿದರು. "ಇನ್ನ ಚಿಂತಿಲ್ಲ ತಾಯೀ. ಎಂಥಾ ಬ್ಯಾನಿ ಬೇಕಾದ್ರೂ ಬರಲಿ."

"ಬರದೇ ಇದ್ರೂ ನಡೆಯುತ್ತೆ ಬಿಡಿ," ಎಂದಳು ಅಮ್ಮ.

ಬಂತು. ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಅದರ ಹಿಂದೆಯೇ ಅಮ್ಮ. ಬಲಭಾಗಕ್ಕೆ ಲಕ್ವ ಹೊಡೆದಿತ್ತು. ನಮ್ಮ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಲಿಫ್ಟಿನಲ್ಲಿ ಇಳಿಸುವಾಗ ಕಾಕಾ ಪ್ರತಿ ಮಹಡಿಯಲ್ಲೂ ಮೆಟ್ಟಿಲಿಳಿದು ಬಂದು ಜಾಲರಿಯಾಚೆಯಿಂದ "ಹೆದರಬ್ಯಾಡ್ರಿ ತಾಯೀ, ನಾ ಇದ್ದೇನಿ" ಎನ್ನುತ್ತಿದ್ದರು. ಆ ಗಾಬರಿಯಲ್ಲೂ ನನಗೆ ನಗು ಬಂದದ್ದು ನಿಜ. ದೊಡ್ಡ ಸರಕಾರಿ ಆಸ್ಪತ್ರೆಯಲ್ಲಿ ಕಾರ್ಡು ಚೆನ್ನಾಗಿಯೇ ಕೆಲಸ ಮಾಡಿತು. ಡಾಕ್ಟರು ಅಮ್ಮನ ಜೀವ ಉಳಿಸಿದರು, ನಮ್ಮಿಂದ ದುಡ್ಡು ಕೇಳಲಿಲ್ಲ. ಕಾಕಾ ವಾರ್ಡಿನ ತುಂಬ ಓಡಾಡಿ, ಪರಿಚಯವಿಲ್ಲದವರಿಗೂ "ನೋಡ್ರಿ, ಹೇಳಿದ್ನಿಲ್ಲೋ?" ಎನ್ನುತ್ತಿದ್ದರು.

ನಂತರ ಒಂದು ದಿನ ಡಾಕ್ಟರು, "ಇಲ್ಲಿ ಮಾಡುವುದೆಲ್ಲ ಮುಗಿಯಿತು. ಮನೆಗೆ ಕರೆದುಕೊಂಡು ಹೋಗಿ. ಇನ್ನು ಬೇಕಾಗಿರುವುದು ಆರೈಕೆ," ಎಂದರು. ಎಷ್ಟು ದಿನ ಎಂದು ಕೇಳಿದೆ. ಅವರು ಅಮ್ಮನ ಕಡೆ ನೋಡಿ ಸುಮ್ಮನೆ ನಕ್ಕರು. ವರ್ಷಗಳು, ಎಂದು ಅರ್ಥ.

ಕಾಕಾ ಕಾರ್ಡು ಹಿಡಿದು ಕೌಂಟರಿಗೆ ಹೋದರು. ಮನೆಯಲ್ಲಿ ನೋಡಿಕೊಳ್ಳುವ ಆಯಾಗೆ ಸಂಬಳ ಈ ಕಾರ್ಡಿನಿಂದ ಎಲ್ಲಿ ಸಿಗುತ್ತದೆ ಎಂದು ಮರಾಠಿಯಲ್ಲಿ ಕೇಳಿದರು. ಕೌಂಟರಿನ ಹುಡುಗಿ ಒಳ್ಳೆಯವಳು, ಎರಡೆರಡು ಸಲ ಬಿಡಿಸಿ ಹೇಳಿದಳು: ಪೇಶಂಟ್ ಅಡ್ಮಿಟ್ ಆಗಿದ್ದರೆ ಮಾತ್ರ, ಮನೆಗೆ ಹೋದ ಮೇಲೆ ಇಲ್ಲ. ಹಾಗಿದ್ದರೆ ನಾಲ್ಕನೇ ಮಹಡಿಯ ಮನೆಯನ್ನೇ ಒಂದು ವಾರ್ಡು ಎಂದು ಬರೆದುಕೊಳ್ಳಿ ಎಂದರು ಕಾಕಾ. ಅವಳು ನಕ್ಕಳು. ಇವರು ನಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನೋಡ ತಂಗಿ, ಬಿದ್ದ ದಿನದ ರೊಕ್ಕಾ ಸರಕಾರ ಕೊಡತದ. ಬಿದ್ದ ಮ್ಯಾಲಿನ ದಿನದ್ದು ಯಾರು ಕೊಡಬೇಕಂತ ಇನ್ನೂ ಯಾರೂ ಬರದಿಟ್ಟಿಲ್ಲ."

ಅವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಪಾಡು ಇನ್ನೂ ಸಪ್ಪಗಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ದಾದರಿನ ಆಫೀಸಿನಲ್ಲಿ ನನ್ನ ರಜೆಗಳೆಲ್ಲ ಮುಗಿದಿದ್ದವು. ಏಜೆನ್ಸಿಯವರು ಹೇಳಿದ ಆಯಾಳ ಸಂಬಳ ನನ್ನ ಸಂಬಳದ ಮುಕ್ಕಾಲು ಪಾಲು ನುಂಗುತ್ತಿತ್ತು. ಆಯಾ ಇಟ್ಟರೆ ಊಟಕ್ಕಿಲ್ಲ, ಇಡದಿದ್ದರೆ ನೌಕರಿ ಇಲ್ಲ. ಅಂತೂ ನೌಕರಿ ಬಿಡುತ್ತೇನೆಂದು ಆಫೀಸಿನಲ್ಲಿ ಬಾಯಿಬಿಟ್ಟು ಹೇಳಿದ್ದೂ ಆಯಿತು. ಅವರು ತಿಂಗಳ ಕೊನೆಯ ತನಕ ಯೋಚಿಸಿ ಎಂದಿದ್ದರು. ಕಾಕಾ ಅಷ್ಟರಲ್ಲಿ ಮುನಿಸಿಪಾಲಿಟಿಯ ವಾರ್ಡ್ ಆಫೀಸಿನಿಂದ ಮಂತ್ರಿಗಳ ತನಕ ಅರ್ಜಿ ಗುಜರಾಯಿಸಿದ್ದರು. ಮನೆಯಲ್ಲಿ ಮಲಗಿದವರನ್ನೂ ಕಾರ್ಡಿಗೆ ಸೇರಿಸಿ ಎಂದು. ಎಲ್ಲ ಕಡೆಯಿಂದಲೂ ಪರಿಶೀಲಿಸುತ್ತೇವೆ ಎಂಬ ಉತ್ತರ. ಒಂದು ಸಂಜೆ ನಮ್ಮ ಸೋಫಾದಲ್ಲಿ ಉಸಿರು ಹಿಡಿದುಕೊಳ್ಳುತ್ತಾ ಕುಳಿತವರು ತಟ್ಟನೆ, "ಸರಕಾರ ಬರೂತನಕಾ ನಾವ ಸರಕಾರ," ಎಂದರು. ಅಮ್ಮ ಮಂಚದಿಂದ, ಎಡಗಡೆಗಷ್ಟೇ ಆಡುವ ಬಾಯಿಯಲ್ಲಿ, "ಲಿಫ್ಟು... ಕಾಯ್ತಾ ಇದೆ," ಎಂದು ಚುಡಾಯಿಸಿದಳು. ಅವಳಿಗೆ ದಿನವೂ ಇದೊಂದು ಮಾತು. "ಕಾಯಲಿ ಬಿಡ್ರಿ," ಎಂದು ಅವರು ಮೆಟ್ಟಿಲಿಳಿದರು.

ಅವರ ತಲೆಯಲ್ಲಿದ್ದದ್ದು ಟೆರೇಸಿನ ಮೊಬೈಲ್ ಟವರ್. ಅದರ ಬಾಡಿಗೆ ಸೊಸೈಟಿಗೆ ಬರುತ್ತಿತ್ತು. ಆ ದುಡ್ಡಿನಲ್ಲಿ ಪ್ರತಿ ದೀಪಾವಳಿಗೆ ಎಲ್ಲ ಮನೆಗಳಿಗೂ ಉಡುಗೊರೆ ಕೊಡುವ ವಾಡಿಕೆ. ಏನು ಕೊಡಬೇಕೆಂಬುದರಲ್ಲಿ ಒಮ್ಮತ ಬರುತ್ತಿದ್ದದ್ದು ಒಂದೇ ವಸ್ತುವಿಗೆ, ಅನ್ನ ಬಿಸಿಯಾಗಿಡುವ ಕ್ಯಾಸರೋಲ್ ಡಬ್ಬಿ. ಹೀಗಾಗಿ ಎಲ್ಲರ ಅಟ್ಟದಲ್ಲೂ ಒಂದೇ ಬಣ್ಣದ, ಒಂದೇ ಹೂವಿನ ಕ್ಯಾಸರೋಲುಗಳ ಗೋಪುರ. ಬಿಲ್ಡಿಂಗಿನ ಯಾವುದೇ ಹುಡುಗಿಯ ಮದುವೆಗೆ ಹೋದರೂ ಉಡುಗೊರೆಯ ಮೇಜಿನ ಮೇಲೆ ಅವೇ ಮತ್ತೆ ಭೇಟಿಯಾಗುತ್ತಿದ್ದವು.

ವಾರ್ಷಿಕ ಸಭೆಗೂ ನಮ್ಮಲ್ಲಿ ಒಂದು ವಾಡಿಕೆ ಇತ್ತು. ಹೇಳಿದ ಹೊತ್ತಿಗೆ ಯಾರೂ ಬರುವುದಿಲ್ಲ. ಕೋರಂ ಇಲ್ಲವೆಂದು ಕಾಕಾ ಖಾಲಿ ಕುರ್ಚಿಗಳಿಗೆ ಗಂಭೀರವಾಗಿ ಓದಿ ಹೇಳಿ, ಸಭೆಯನ್ನು ಅರ್ಧ ಗಂಟೆ ಮುಂದೂಡುತ್ತಾರೆ. ಮುಂದೂಡಿದ ಸಭೆಗೆ ಕೋರಂ ಬೇಕಿಲ್ಲ. ಆಗ ಎಲ್ಲರೂ ಬರುತ್ತಾರೆ, ಯಾಕೆಂದರೆ ಬಟಾಟೆ ವಡೆ ಬರುವುದೂ ಆಗಲೇ. ಕೊನೆಯ ವಿಷಯ ಮುಗಿಯದೆ ವಡೆಯ ಪಾತ್ರೆ ತೆರೆಯುವಂತಿಲ್ಲ ಎಂಬುದು ಕಾಕಾ ಮಾಡಿದ ಕಾನೂನು. ಹಾಗಾಗಿ ಕೊನೆಯ ವಿಷಯಕ್ಕೆ ಜನ ಕಿವಿ ಕೊಡುವುದಿಲ್ಲ, ಕೈ ಮಾತ್ರ ಎತ್ತುತ್ತಾರೆ. ಆ ವರ್ಷ ಕೊನೆಯ ವಿಷಯವನ್ನು ಕಾಕಾ ಸ್ಪಷ್ಟವಾಗಿ, ಎರಡು ಸಲ, ಹಿಂದಿಯಲ್ಲೂ ಮರಾಠಿಯಲ್ಲೂ ಓದಿದರು: ಟವರಿನ ದುಡ್ಡಿನಲ್ಲಿ ಇನ್ನು ಮುಂದೆ ಕ್ಯಾಸರೋಲ್ ಬೇಡ, ಬಿಲ್ಡಿಂಗಿಗೊಬ್ಬಳು ಆಯಾ ಇರಲಿ, ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದರೂ ಅವಳು ಅಲ್ಲಿ ಹಗಲು ನೋಡಿಕೊಳ್ಳಲಿ. ಎಲ್ಲ ಕೈಗಳೂ ಮೇಲೆದ್ದವು. ವಡೆಯ ಪಾತ್ರೆ ತೆರೆಯಿತು.

ತಾವು ಏನಕ್ಕೆ ಕೈ ಎತ್ತಿದೆವು ಎಂಬುದು ಜನಕ್ಕೆ ತಿಳಿದದ್ದು ಮರುದಿನ, ನೋಟಿಸ್ ಬೋರ್ಡು ನೋಡಿದಾಗ. ಗಲಾಟೆ ಎಂದರೆ ಗಲಾಟೆ! ಮುಂದಿನ ಭಾನುವಾರವೇ ವಿಶೇಷ ಸಭೆ ಕರೆಯಬೇಕಾಯಿತು. ಮುಂದಾಳು ಮೂರನೇ ಮಹಡಿಯ ಸಿ.ಎ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ ನಮ್ಮ ಕನ್ನಡದ ಹುಡುಗ. ಬೆಳಿಗ್ಗೆ ಜಿಮ್ಮು, ಸಂಜೆ ಜಿಮ್ಮು. ನಾನು ಕೊನೆಯ ಸಾಲಿನಲ್ಲಿ ಕಾಕು ಪಕ್ಕದಲ್ಲಿ ಕುಳಿತಿದ್ದೆ. ಆಫೀಸು ಕೊಟ್ಟ ಗಡುವಿಗೆ ಮೂರೇ ದಿನ ಉಳಿದಿತ್ತು. ನನ್ನ ಅಮ್ಮನ ವಿಷಯ ಇಷ್ಟು ಜನ ಸೇರಿ ತೀರ್ಮಾನಿಸುವ ಹಾಗಾಯಿತಲ್ಲ ಎಂದು ನಾಚಿಕೆಯಿಂದ ನೆಲ ನೋಡುತ್ತಿದ್ದೆ.

"ಅಂಕಲ್, ಟವರ್ ಕಾ ಪೈಸಾ ಎಲ್ಲಾರದ್ದು ಹೈ ನಾ?" ಎಂದ ಸಿ.ಎ. "ಆಯಾ ಮಾತ್ರ ಫೋರ್ತ್ ಫ್ಲೋರಿಗೆ. ನಮ್ಮನೇಲಿ ಸಬ್ ಫಿಟ್ ಇದ್ದೀವಿ. ನಾವು ಯೂಸೇ ಮಾಡಲ್ಲ. ಯೂಸ್ ಮಾಡದೇ ಇರೋದಕ್ಕೆ ನಾವು ಯಾಕೆ ಕೊಡಬೇಕು?"

ಈ ಮಾತನ್ನು ಎಲ್ಲೋ ಕೇಳಿದ್ದೇವಲ್ಲ ಎಂದು ಒಬ್ಬೊಬ್ಬರಿಗೇ ಹೊಳೆಯುತ್ತಿದ್ದದ್ದು ಮುಖಗಳಲ್ಲಿ ಕಾಣುತ್ತಿತ್ತು. ನನ್ನ ಪಕ್ಕದಿಂದ ಕಾಕು, "ಅಗದೀ ನಿಮ್ಮ ಮಾತಾ ನೋಡ್ರೀ ಇದು!" ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು.

ಕಾಕಾ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು. ಲಿಫ್ಟಿನ ಕೇಸಿನಲ್ಲಿ ತಾನು ಸೋತೆ ಎಂದು ಆ ಮನುಷ್ಯ ಅಲ್ಲಿಯ ತನಕ ಒಪ್ಪಿಕೊಂಡಿದ್ದೇ ಇಲ್ಲ. ಕಚೇರಿ ತಪ್ಪು ಮಾಡಿತು ಎನ್ನುತ್ತಿದ್ದರು, ಅಷ್ಟೆ. ಈಗ ಹಟ ಉಳಿಸಿಕೊಂಡರೆ ಅಮ್ಮನ ಆಯಾ ಹೋಗುತ್ತಾಳೆ. ಆಯಾ ಬೇಕೆಂದರೆ ಇಷ್ಟು ವರ್ಷದ ಹಟ ಎಲ್ಲರೆದುರು ಮಣ್ಣುಪಾಲು.

"ಈ ಮಾತು ನಂದು," ಎಂದರು ಕಡೆಗೆ. "ರಜಿಸ್ಟ್ರಾರ್ ಸಾಹೇಬ್ರ ಮುಂದ ನಿಂತು ನಾನ ಆಡಿದ್ದು. ಆವತ್ತು ಅವರು ಏನಂದ್ರು ಗೊತ್ತೇನು? ಕಾಕಾ, ನಿಮ್ಮ ತಲೀ ಮ್ಯಾಲೆ ನಾಕು ಮಹಡಿ ಅದಾವ, ಅದಕ್ಕ ನಿಮ್ಮ ಮನೀ ಸೋರೂದಿಲ್ಲ. ಅವರು ನಿಮ್ಮ ಪಾಲಿನ ಮಳೀ ತಡೀತಾರ, ನೀವು ಅವರ ಪಾಲಿನ ಮೆಟ್ಟಲಾ ತಪ್ಪಿಸ್ರಿ, ಅಂದ್ರು. ನಾ ಅವರನ್ನ ಬೈಕೋತ ಮನೀಗೆ ಬಂದೆ. ಇವತ್ತಿನ ತನಕಾ ಬೈಕೋತ ಇದ್ದೆ." ನಡಾವಳಿ ಬರೆಯುವವರ ಕಡೆ ತಿರುಗಿದರು. "ಆ ಕೇಸು ನಾ ಸರಿಯಾಗೇ ಸೋತಿದ್ದೆ. ಇದನ್ನ ಬರಕೋರಿ. ಸೆಕ್ರೆಟರಿ ತಪ್ಪು ಒಪ್ಪಿಕೊಂಡ್ರು ಅಂತ ಬರಕೋರಿ."

ಯಾರೋ ಹಿಂದಿನಿಂದ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು, ತಡೆಯಲಿಲ್ಲ. ಕೈಗಳು ಒಂದೊಂದಾಗಿ ಎದ್ದವು. ಈ ಸಲ ವಡೆ ಇರಲಿಲ್ಲ, ಎಲ್ಲರೂ ಕೇಳಿಸಿಕೊಂಡೇ ಎತ್ತಿದರು. ಸಿ.ಎ. ಒಬ್ಬನೇ ಎತ್ತಲಿಲ್ಲ. ಅವನ ವಿರೋಧವನ್ನೂ ಚೆಂದ ಮಾಡಿ ದಾಖಲಿಸಲು ಕಾಕಾ ಹೇಳಿದರು. "ವಿರೋಧ ಇರಬೇಕ್ರೀ. ನಾನೂ ಭಾಳ ವರ್ಷ ಮಾಡೇನಿ."

"ಹಾಗಾದ್ರೆ ಅಂಕಲ್, ಅಬ್ ತೋ ಲಿಫ್ಟ್ ಹತ್ತಿ!" ಎಂದ ಅವನು. ಸಭೆಗೆ ಸಭೆಯೇ "ಹತ್ತಿ, ಹತ್ತಿ" ಎಂದಿತು.

ಕಾಕಾ ಬೇರೆ ದಾರಿ ಕಾಣದೆ ಚಪ್ಪಲಿ ಸರಿಮಾಡಿಕೊಂಡು ಲಿಫ್ಟಿನೊಳಗೆ ಕಾಲಿಟ್ಟರು. ಅಮ್ಮನಿಗೆ ಸುದ್ದಿ ತಾವೇ ಹೇಳುತ್ತೇನೆಂದು ಹೊರಟರು. ನಾವೆಲ್ಲ ಕೆಳಗೆ ಕತ್ತೆತ್ತಿ ನಿಂತೆವು. ಲಿಫ್ಟು ಒಂದು ದಾಟಿತು, ಎರಡು ದಾಟಿತು, ಎರಡಕ್ಕೂ ಮೂರಕ್ಕೂ ನಡುವೆ ಗಕ್ಕನೆ ನಿಂತಿತು. ಕರೆಂಟು ಹೋಗಿತ್ತು.

ಮೇಲಿನಿಂದ ಬಂದ ಬೈಗುಳವನ್ನು ನಾನಿಲ್ಲಿ ಬರೆಯಲಾರೆ, ಅಪ್ಪಟ ಧಾರವಾಡದ್ದು. ನಾನು ಮೆಟ್ಟಿಲ ಮೇಲೆ ಓಡಿದೆ. ಮೂರನೇ ಮಹಡಿಯ ಕೆಳಗೆ ಜಾಲರಿಯಾಚೆ ಆ ಬೋಳುತಲೆ ಮಾತ್ರ ಕಾಣುತ್ತಿತ್ತು. ಕರೆಂಟಿಗೆ ಕಾಯುವಷ್ಟು ತಾಳ್ಮೆ ಅವರಿಗೆಲ್ಲಿ? ಅಲ್ಲಿಂದಲೇ ಮುಖ ಮೇಲೆತ್ತಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ, "ತಾಯೀ, ಪಾಸಾತರೀ!" ಎಂದು ಕೂಗಿದರು.

ನಾನು ಮನೆಯೊಳಗೆ ಹೋದಾಗ ಅಮ್ಮ ಬಾಗಿಲ ಕಡೆಗೇ ಕಣ್ಣಿಟ್ಟಿದ್ದಳು. "ಎಲ್ಲಿ... ಅವರು?"

"ಲಿಫ್ಟಲ್ಲಿದ್ದಾರಮ್ಮ."

"ಸುಳ್ಳು," ಎಂದಳು. ಲಕ್ವ ಹೊಡೆದ ಮೇಲೆ ಅಷ್ಟು ಸ್ಪಷ್ಟವಾಗಿ ಅವಳು ಆಡಿದ ಮೊದಲ ಮಾತು ಅದು.

ಬಿಡಿಸಿದ ಮೇಲೆ ಕಾಕಾ ಉಳಿದ ಮಹಡಿಗಳನ್ನು ನಡೆದೇ ಹತ್ತಿದರು. ಆಮೇಲೆಯೂ ಮೆಟ್ಟಿಲನ್ನು ಬಿಡಲಿಲ್ಲ. ತಪ್ಪು ಒಪ್ಪಿಕೊಂಡರಲ್ಲ, ಇನ್ನೇನು ಎಂದರೆ, "ಕೊಡೂದು ಬ್ಯಾರೆ, ಹತ್ತೂದು ಬ್ಯಾರೆ ತಂಗಿ. ಕೊಟ್ಟವರೆಲ್ಲಾ ಹತ್ತಬೇಕಂತ ಎಲ್ಲಿ ಅದ?" ಎನ್ನುತ್ತಿದ್ದರು. ಬದಲಾದದ್ದು ಒಂದೇ. ಲಿಫ್ಟಿನ ಬಿಲ್ಲಿಗೆ ಸಹಿ ಹಾಕುವಾಗ ಈಗ ಹಲ್ಲು ಕಚ್ಚುತ್ತಿರಲಿಲ್ಲ.

ಆಯಾ ಬಂದಳು. ನಾನು ನೌಕರಿ ಬಿಡಲಿಲ್ಲ. ಬೆಳಗಿನ ಲೋಕಲ್ ರೈಲಿನಲ್ಲಿ ನೇತಾಡುತ್ತಾ ಹೋಗುವಾಗ, ಮನೆಯಲ್ಲಿ ಅಮ್ಮನ ಬೆನ್ನು ಒರೆಸುವವರು ಒಬ್ಬರಿದ್ದಾರೆ ಎಂಬ ನೆನಪೇ ನನಗೆ ಕೂರಲು ಸೀಟು ಸಿಕ್ಕಷ್ಟು ಹಿತವಾಗಿರುತ್ತಿತ್ತು. ಅಮ್ಮ ಇನ್ನೂ ಕೆಲವು ದೀಪಾವಳಿಗಳನ್ನು, ಕ್ಯಾಸರೋಲ್ ಇಲ್ಲದ ದೀಪಾವಳಿಗಳನ್ನು, ಚುಡಾಯಿಸುತ್ತಲೇ ಕಳೆದಳು. ಹಾಸಿಗೆಹುಣ್ಣೆಂಬುದು ಅವಳ ಮೈಗೆ ತಾಗದೆ, ನನ್ನ ಕೈ ಹಿಡಿದುಕೊಂಡೇ ಹೋದಳು. ಆಯಾ ಎರಡನೇ ಮಹಡಿಯ ಅಜ್ಜನೊಬ್ಬರ ಮನೆಗೆ ಹೋದಳು. ಸಿ.ಎ. ಪ್ರತಿ ವರ್ಷವೂ ತಪ್ಪದೆ ವಿರೋಧಿಸುತ್ತಾನೆ. ಪ್ರತಿ ವರ್ಷವೂ ಬರೆದುಕೊಳ್ಳುತ್ತೇವೆ. ಕಾಕಾನ ಅರ್ಜಿಗಳನ್ನು ಸರಕಾರ ಇನ್ನೂ ಪರಿಶೀಲಿಸುತ್ತಿದೆ.

ಕಾಕಾ ಹೋದದ್ದು ಕಳೆದ ಬೇಸಿಗೆಯಲ್ಲಿ. ಊಟ ಮಾಡಿ, ಮಜ್ಜಿಗೆ ಕುಡಿದು, ಸ್ವಲ್ಪ ಅಡ್ಡಾಗುತ್ತೇನೆಂದು ಮಲಗಿದವರು ಏಳಲಿಲ್ಲ. ಹಾಸಿಗೆ ಹಿಡಿಯಲಿಲ್ಲ, ಆಸ್ಪತ್ರೆ ನೋಡಲಿಲ್ಲ, ತಾವೇ ಓಡಾಡಿ ಮಾಡಿಸಿಕೊಂಡಿದ್ದ ಕಾರ್ಡನ್ನು ಬಳಸಲಿಲ್ಲ. ಆಯಾಳಿಂದ ಒಂದು ಲೋಟ ನೀರನ್ನೂ ತರಿಸಿಕೊಳ್ಳಲಿಲ್ಲ. ಜನ ಸೇರಿದ್ದಾಗ ಕಾಕು ಕಣ್ಣೊರೆಸಿಕೊಳ್ಳುತ್ತಾ ನನಗೆ ಹೇಳಿದರು: "ಇಷ್ಟ ದಿನಾ ಇವರ ರೊಕ್ಕಾ ಅಷ್ಟ ಮ್ಯಾಲೆ ಹೋಗತಿತ್ತು. ಇವತ್ತ ತಾವೂ ಹೋದ್ರು. ಅದೂ ನೋಡವ್ವಾ, ಒಂದ ಮೆಟ್ಟಲಾ ಹತ್ತಲಾರದ."

ಈಗ ಸೆಕ್ರೆಟರಿ ನಾನು. ಲಿಫ್ಟಿನ ಬಿಲ್ಲಿಗೂ ಆಯಾಳ ಸಂಬಳಕ್ಕೂ ನನ್ನದೇ ಸಹಿ. ಮಳೆಗಾಲಕ್ಕೆ ಕಾಕು ಬಾತ್‌ರೂಮಿನಲ್ಲಿ ಜಾರಿ ಸೊಂಟ ಮುರಿದುಕೊಂಡರು. ಕಾರ್ಡಿನಲ್ಲಿ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಆಯಾ ಅವರ ಪಾಲಿಗೆ ಬಂದಳು. ಮೊನ್ನೆ ಸಂಜೆ ನಾನು ಆಫೀಸಿನಿಂದ ಬಂದು ಲಿಫ್ಟಿನ ಗುಂಡಿ ಒತ್ತಿದರೆ ಅದು ಮೇಲೆಯೇ ಓಡಾಡುತ್ತಿತ್ತು, ಕೆಳಗೆ ಬರಲೇ ಒಲ್ಲದು. ಕಡೆಗೆ ಬಂತು. ಜಾಲರಿಯಾಚೆ ಗಾಲಿಕುರ್ಚಿಯಲ್ಲಿ ಕಾಕು, ಹಿಂದೆ ಗುಂಡಿಯ ಮೇಲೆ ಬೆರಳಿಟ್ಟು ನಗುತ್ತಿದ್ದ ಆಯಾ. ನಾಲ್ಕನೆಯದಕ್ಕೆ ಹೋಗಿ ನಮ್ಮ ಮನೆಯ ಬಾಗಿಲು ನೋಡಿ ಬಂದಿದ್ದರಂತೆ.

ನಾನು ಬಾಗಿಲು ಎಳೆಯಲು ಹೋದೆ. ಕಾಕು ಕೈ ಅಡ್ಡ ಹಿಡಿದರು.

"ತಡಿಯವ್ವಾ, ಇಳಿಸಬ್ಯಾಡ. ಇನ್ನೊಂದು ಸಲಾ ಹೋಗಿ ಬರ್ತೇವಿ. ಅವರು ಕೊಟ್ಟ ರೊಕ್ಕದ್ದು ಭಾಳ ಬಾಕಿ ಅದ."

ನಾನು ಪಕ್ಕಕ್ಕೆ ಸರಿದು ಮೆಟ್ಟಿಲು ಹತ್ತಿದೆ.